ಸೇಬಿನ ಗಿಡಕ್ಕೆ ಅಕ್ಕಿ ತೊಳೆದ ನೀರು

ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲುವುದು ನನ್ನ ಕೈಗೆ ಒಗ್ಗದ ವಿದ್ಯೆ. ಬಸದಿಯ ಗಂಧೋದಕವೇನೋ ಎಂಬಂತೆ ಪಾತ್ರೆಯನ್ನು ಎರಡೂ ಕೈಗಳಲ್ಲಿ ಹಿಡಿದು ಅಂಗಳಕ್ಕಿಳಿಯುತ್ತೇನೆ. ಕಾಲುಗಳು ತಾವಾಗಿಯೇ ಸೇಬಿನ ಗಿಡದತ್ತ ತಿರುಗುತ್ತವೆ. ಬೆಳುವಾಯಿಯ ಸೆಕೆಯಲ್ಲಿ ಸೇಬೇ ಎಂದು ನೀವು ನಗಬಹುದು. ಕಾನ್ವೆಂಟಿನಲ್ಲಿ ಮೊದಲ ಅಕ್ಷರದ ಜೊತೆಗೇ ಉರುಹೊಡೆದ ಆ ಹಣ್ಣನ್ನು ಗಿಡದಲ್ಲಿ ನೋಡುವ ಆಸೆ ನನ್ನದಾದರೆ, ಮೊದಲ ಫಲವನ್ನು ಬಸದಿಯಲ್ಲಿ ಸ್ವಾಮಿಯ ಮುಂದಿಡುವ ಆಸೆ ನನ್ನ ಮಾವನವರದು.

ಸೆಕೆಯ ಊರಿಗೂ ಒಗ್ಗುವ ತಳಿಯೆಂದು ಸಸಿ ಮಾರಿದವರು ಒಂದೇ ಎಚ್ಚರಿಕೆ ಕೊಟ್ಟಿದ್ದರು: ಚಳಿಗಾಲದಲ್ಲಿ ನೀರು ನಿಲ್ಲಿಸಿ, ಎಲೆ ಕಿತ್ತು, ಗಿಡವನ್ನು ಬೋಳಾಗಿ ಮಲಗಲು ಬಿಡಿ, ಗೊಬ್ಬರವೂ ಮಿತವಾಗಿರಲಿ. ಆದರೆ ವರ್ಷವಿಡೀ ಹಸುರುಟ್ಟ ನಮ್ಮ ಸೀಮೆಯಲ್ಲಿ ಬೋಳು ಗಿಡವೆಂದರೆ ಮನೆಯವರ ಚಾರಿತ್ರ್ಯಕ್ಕೇ ಕಳಂಕ. ಪಕ್ಕದ ಮನೆಯ ಸುಮತಿಯಕ್ಕ ಬೇಲಿಯಾಚೆಯಿಂದ, "ಎಂತ ಮಾರಾಯ್ತಿ, ನಿಮ್ಮ ಬಾವಿಯಲ್ಲಿ ನೀರಿಲ್ಲವಾ? ಪಾಪದ ಗಿಡವನ್ನು ಕೊಲ್ತಾ ಇದ್ದೀರಲ್ಲ!" ಎಂದದ್ದೇ ತಡ, ಮಾವ ತೋಟದ ಪೈಪನ್ನು ಇತ್ತ ತಿರುಗಿಸಿದರು, ಮೇಲಿಂದ ಗೋಬರ್ ಗ್ಯಾಸಿನ ಸ್ಲರಿ, ಅದರ ಮೇಲೆ ಯೂರಿಯಾ. ಗಿಡ ಮನೆಯ ಮಾಡು ಮುಟ್ಟಿತು. ಎಲೆಯೋ ಎಲೆ, ಹೂವಿನ ಸುಳಿವಿಲ್ಲ. "ಈ ಎಲೆ ಪತ್ರೊಡೆ ಸುತ್ತಲಿಕ್ಕಾದರೂ ಆಗ್ತದಾ ನೋಡು," ಎಂದು ನನ್ನವರು ಕುಟುಕಿದರು.

ಹೋದ ಚಳಿಗಾಲದಲ್ಲಿ ಪಂಪು ಕೆಟ್ಟಿತು. ನೀರಿಲ್ಲದ ಗಿಡ ಎಲೆಯನ್ನೆಲ್ಲ ಉದುರಿಸಿ, ನಾವು ಆಸೆ ಬಿಟ್ಟ ಮೇಲೆ ಮೈತುಂಬ ಹೂ ಬಿಟ್ಟಿತು. ಹೂ ಉದುರಿದಲ್ಲಿ ಗೋಲಿಯಂಥ ಕಾಯಿಗಳು. ಮಾವನವರ ಸಂಭ್ರಮ ನೋಡಬೇಕಿತ್ತು! "ಬಸುರಿ ಅಲ್ಲವಾ ಮಗಾ, ಬಾಯಾರ್ತದೆ ಅದಕ್ಕೆ," ಎಂದು ನನಗೆ ಹೇಳುತ್ತ ರಿಪೇರಿಯಾದ ಪಂಪಿನ ನೀರನ್ನೆಲ್ಲ ಅದಕ್ಕೇ ಹರಿಸಿದರು. ಬಾಣಂತನಕ್ಕೆಂಬಂತೆ ಯೂರಿಯಾವನ್ನೂ ಬಡಿಸಿದರು. ವಾರ ಕಳೆಯುವಷ್ಟರಲ್ಲಿ ತುದಿತುದಿಗೂ ಕೊಬ್ಬಿದ ಚಿಗುರು, ಕಾಯಿಗಳೆಲ್ಲ ನೆಲದಲ್ಲಿ. ಮಾವ ಬಾಗಿ ಒಂದನ್ನು ಹೆಕ್ಕಿ, ಪಂಚೆಗೆ ಒರೆಸಿ, ಬಹಳ ಹೊತ್ತು ನೋಡಿದರು. "ಬಿದ್ದದ್ದನ್ನು ಸ್ವಾಮಿಗೆ ಇಡ್ಲಿಕ್ಕೆ ಆಗ್ತದಾ," ಎಂದು ಮತ್ತೆ ಬುಡದಲ್ಲೇ ಇಟ್ಟರು.

ಈ ವರ್ಷ ಅವರ ಕಾಲುಗಳು ಅಂಗಳದ ಮೆಟ್ಟಿಲನ್ನು ಒಪ್ಪುತ್ತಿಲ್ಲ, ಕಣ್ಣಿಗೂ ಮಂಜು. ಚಳಿಗಾಲದಲ್ಲಿ ಪೈಪು ತಿರುಗಿಸುವವರಿಲ್ಲದೆ ಗಿಡ ಬೋಳಾಗಿ ನಿಂತಿದೆ. ಇಂದು ಪಾತ್ರೆ ಹಿಡಿದು ಹೊರಟವಳನ್ನು ಜಗಲಿಯಿಂದಲೇ ತಡೆದರು: "ಬೇಡ ಮಗಾ, ಮಲಗಲಿ ಅದು. ಹೂ ಬಿಟ್ಟರೆ ನನಗೆ ಹೇಳು, ಆಯ್ತಾ? ಆದರೆ ನಾನು ಎಷ್ಟು ಹೇಳಿದರೂ ನೀರು ಹಾಕಬೇಡ."

ದಾಸವಾಳಕ್ಕೆ ಹಾಕಬಹುದಿತ್ತು. ಆದರೆ ಅಂಗಳಕ್ಕಿಳಿದ ಮೇಲೆ ಈ ಕೈಗಳನ್ನು ನಂಬುವುದು ಹೇಗೆ? ಒಳಗೆ ಬಂದು, ಬಿಳಿಯ ನೀರನ್ನು ಸದ್ದಾಗದಂತೆ ಸಿಂಕಿಗೆ ಚೆಲ್ಲಿದೆ.