ಹಸಿ ಹಾಲೆಯ ಹಲಗೆ

ಬಿಸಿ ಅರಗಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಚನ್ನಪಟ್ಟಣದ ಹೆದ್ದಾರಿ ಬದಿಯ ಬೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲಿಸಿದವರು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಏಳುವ ಆ ಸಿಹಿ ಕಮಟನ್ನು ಮೂಸಿ, ಯಾಕೋ ಬಾಲ್ಯ ನೆನಪಾಗುತ್ತದೆ ಅನ್ನುತ್ತಾರೆ. ನನಗೂ ನೆನಪಾಗುತ್ತದೆ. ಹಿತ್ತಲ ಕಡೆಯ ಉದ್ದನೆಯ ಹೆಂಚಿನ ಸೂರು, ಅದರಡಿ ಗುಂಯ್‌ಗುಡುವ ಲೇತುಗಳು, ಕಾಲಿಟ್ಟರೆ ಮೆತ್ತಗೆ ಹೂತುಹೋಗುತ್ತಿದ್ದ ಬಿಳೀ ಮರದ ಸಿಪ್ಪೆ, ಕೇದಗೆ ಎಲೆ ಹಿಡಿದು ಬೊಂಬೆಗೆ ಹೊಳಪು ಕೊಡುತ್ತಿದ್ದ ಅಮ್ಮನ ಕೆಂಪು ಬೆರಳು. ಆ ಮನೆ ಈಗಿಲ್ಲ. ರಸ್ತೆ ಅಗಲವಾದಾಗ ಮುಂದಿನ ಅರ್ಧ ಹೋಯಿತು, ಹಿಂದಿನ ಅರ್ಧವನ್ನು ನಾವೇ ಮಾರಿದೆವು. ನೀವೂ ಇಂಥ ಒಂದು ಮನೆ ಕಳೆದುಕೊಂಡವರಾದರೆ, ಹೋದದ್ದೆಲ್ಲ ಚೆನ್ನಾಗಿಯೇ ಇತ್ತು ಎಂದು ನಂಬುವ ಆಸೆ ನಿಮಗೂ ಇರುತ್ತದೆ. ನನಗೂ ಇದೆ. ನಂಬೋಣ ಅಂದುಕೊಳ್ಳುವಷ್ಟರಲ್ಲಿ ನಿಂಗತ್ತೆ ಕಣ್ಣೆದುರು ಬಂದು ನಿಲ್ಲುತ್ತಾಳೆ.

ನಿಂಗತ್ತೆ ಅಪ್ಪನ ಒಬ್ಬಳೇ ತಂಗಿ. ಮಾಗಡಿ ಕಡೆಗೆ ಕೊಟ್ಟಿದ್ದರು. ಲೇತಿಗೆ ಕರೆಂಟಿನ ಮೋಟರು ಬಂದ ಹೊಸದರಲ್ಲಿ, ನಾನು ಇನ್ನೂ ಲಂಗ ಹಾಕುತ್ತಿದ್ದ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ ಅವಳು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಳು. ಗಂಡ ಓಲೆ ಹಿಡಿದು ಎಳೆದಿದ್ದರಿಂದ ಒಂದು ಕಿವಿ ಹರಿದು ಇಬ್ಭಾಗವಾಗಿತ್ತು. ತಾತ ಅದನ್ನು ನೋಡಿಯೂ, "ಉಂಡ್ಕಂಡು ಬೆಳಿಗ್ಗೆ ಒಲ್ಡು" ಅಂದ. ಅವಳು ಹೊರಡಲಿಲ್ಲ. ಆಮೇಲೆ ದಿನಾ ಊಟದ ಹೊತ್ತಿಗೆ ತಾತನ ತಮಾಷೆ ಶುರುವಾಯಿತು. ಅವಳು ಇನ್ನೊಂದು ಮುದ್ದೆಗೆ ಕೈ ಚಾಚಿದರೆ, "ರಾಗಿಯ ನಿನ್ ಗಂಡ ಕಳಿಸವ್ನಾ ನಿಂಗಿ?" ಅನ್ನುತ್ತಿದ್ದ. ಅಪ್ಪ ನಗುತ್ತಿದ್ದ. ತಾತ ನಕ್ಕರೆ ಎಲ್ಲರೂ ನಗುವುದು ಆ ಮನೆಯ ಪದ್ಧತಿ. ಊರಿಗೆಲ್ಲ ತಾತ ಬಹಳ ರಸಿಕ, ಮಾತಾಡಿದರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ ಎಂದು ಹೆಸರು. ಅತ್ತೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ನೀರು ಕುಡಿದು ಏಳುತ್ತಿದ್ದಳು.

ಆಗ ನಮ್ಮ ಬೊಂಬೆಗಳನ್ನು ಕೊಳ್ಳುತ್ತಿದ್ದ ಬೆಂಗಳೂರಿನ ಸಾಹುಕಾರರೊಬ್ಬರು ಯಾವುದೋ ಪತ್ರಿಕೆಯಿಂದ ಹರಿದ ಚಿತ್ರ ತಂದರು. ತರಕಾರಿ ಹೆಚ್ಚುವ ಮರದ ಹಲಗೆ, ಮೇಲೆಲ್ಲ ಚದುರಂಗದ ಮಣೆಯ ಹಾಗೆ ಕಪ್ಪು ಬಿಳುಪು ಚೌಕ. ಇದೇನು ಬಣ್ಣವಲ್ಲ, ಎರಡು ಜಾತಿಯ ಮರವನ್ನೇ ಕೂಡಿಸಿರುವುದು, ಮಾಡಿಕೊಟ್ಟರೆ ಎಷ್ಟಾದರೂ ತೆಗೆದುಕೊಳ್ಳುತ್ತೇನೆ ಅಂದರು. ಉರುಟಾದದ್ದನ್ನು ಬಿಟ್ಟು ಬೇರೆ ಮಾಡುವುದು ನಮ್ಮ ಕಸುಬಲ್ಲ ಎಂದು ತಾತ ತಳ್ಳಿಹಾಕಿಬಿಟ್ಟ. ಅಡುಗೆಮನೆ ಬಾಗಿಲಿಂದ ಅತ್ತೆ, "ನಾ ಮಾಡ್ತೀನಿ" ಅಂದಳು. ಎಲ್ಲರೂ ಅವಳ ಕಡೆ ತಿರುಗಿದರು. ತಾತನಿಗೆ ಖುಷಿಯೋ ಖುಷಿ. "ಮಾಡವ್ವ. ಸಾವ್ಕಾರ್ರು ಒಪ್ಪುದ್ರೆ ಸೂರ್ನಾಗೆ ಒಂದು ಮೂಲೆ ಬುಟ್ಕೊಡ್ತೀನಿ, ಇಲ್ಲೇ ದುಡ್ಕಂಡು ಬಿದ್ದಿರು. ಒಪ್ನಿಲ್ಲ ಅಂದ್ರೆ ಮಾಗಡಿ ಬಸ್ಸು." ಸಾಹುಕಾರರ ಎದುರಿಗೇ ಹೀಗೆ ಮಾತಾಯಿತು. ಅತ್ತೆಗೆ ಉಳಿದಿದ್ದ ದಾರಿ ಅದೊಂದೇ.

ಮರ ಕೊಡಬೇಕಾದವನು ಅಪ್ಪ. ಅಟ್ಟದ ಮೇಲೆ, ನಾವು ಬೊಂಬೆಗೆ ಬಳಸುತ್ತಿದ್ದ, ಚೆನ್ನಾಗಿ ಒಣಗಿದ ಹಾಲೆ ಮರದ ರಾಶಿ ಇತ್ತು. ಅಪ್ಪ ಅದರಿಂದ ಕೊಡಲಿಲ್ಲ. ಹಿತ್ತಲಲ್ಲಿ ಆಗತಾನೆ ಬಂದು ಬಿದ್ದಿದ್ದ ಹಸಿ ಹಾಲೆಯನ್ನು ಸೀಳಿಸಿ, ಒಲೆಯ ಮುಂದೆ ಮೇಲುಮೇಲೆ ಕಾಯಿಸಿ, ಒಣಗಿದ್ದೆಂದು ಕೊಟ್ಟ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಆದರೆ ನಿಮಗೆ ಈಗಲೇ ಹೇಳಿಬಿಡುತ್ತೇನೆ, ಅಪ್ಪನ ಮರ್ಯಾದೆ ಕಾಯುವ ದರ್ದು ನನಗಿಲ್ಲ. ತಂಗಿ ಕೆಲಸಕ್ಕೆ ಕೂತರೆ ನಾಳೆ ಮನೆಯಲ್ಲಿ ಪಾಲು ಕೇಳುತ್ತಾಳೆ ಎಂಬ ಭಯ ಅವನಿಗೆ. ಅತ್ತೆ ಮಾತ್ರ ಆ ದಿನಗಳಲ್ಲಿ ಹಾಡಿಕೊಳ್ಳುತ್ತಿದ್ದಳು. ಬಿಳೀ ಹಾಲೆ, ಕರೀ ಬೀಟೆ, ಒಂದರ ಪಕ್ಕ ಒಂದು ಪಟ್ಟಿ ಇಟ್ಟು ಅಂಟು ಬಳಿದು, ಹಗ್ಗ ಬಿಗಿದು, ಸಂದಿಗೆ ಬೆಣೆ ಹೊಡೆದು ಒಣಗಿಸಿದಳು. ಆ ಪಟ್ಟೆಪಟ್ಟೆ ಹಲಗೆಯನ್ನು ಅಡ್ಡಕ್ಕೆ ಕೊಯ್ದು, ಕೊಯ್ದ ತುಂಡುಗಳನ್ನು ಕತ್ತರಿಸಿದ ಮುಖ ಮೇಲೆ ಬರುವಂತೆ ನಿಲ್ಲಿಸಿ, ಒಂದು ಬಿಟ್ಟು ಒಂದನ್ನು ತಿರುವಿಟ್ಟು ಮತ್ತೆ ಅಂಟಿಸಿದಳು. ಪಟ್ಟೆ ಹೋಗಿ ಚೌಕಗಳಾದವು. ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸಿ, "ನೋಡು ಕೂಸೆ, ಇಲ್ಲಿ ಮರದ ಎಳೆಯೆಲ್ಲ ನಿಂತ್ಕಂಡವೆ. ಚಾಕು ಎಳೆ ಮಧ್ಯೆ ಇಳೀತದೆ, ತೆಗುದ್ರೆ ಮುಚ್ಕತದೆ. ಗಾಯ ಆಗಾಕಿಲ್ಲ" ಅಂದಳು. ಎಣ್ಣೆ ಉಜ್ಜಿದಾಗ ಆ ಹಲಗೆ ಎಷ್ಟು ಚೆಂದ ಕಂಡಿತೆಂದರೆ ಅಮ್ಮ ಅದಕ್ಕೆ ದೃಷ್ಟಿ ತೆಗೆದಳು.

ಬೇಸಿಗೆ ಏರಿತು. ಹಸಿ ಹಾಲೆ ಒಳಗೊಳಗೇ ಒಣಗಿ ಕುಗ್ಗಿತು, ಪಕ್ಕದ ಬೀಟೆ ಜಗ್ಗಲಿಲ್ಲ. ಸಾಹುಕಾರರು ಬರುವ ಹಿಂದಿನ ದಿನ ಅತ್ತೆ ಹಲಗೆಗೆ ಸುತ್ತಿದ್ದ ಬಟ್ಟೆ ತೆಗೆದು ನೋಡಿದರೆ ಚೌಕಗಳ ಮಧ್ಯೆ ಉಗುರು ತೂರುವಷ್ಟು ಬಿರುಕು. ಅವಳು ಅಳಲಿಲ್ಲ, ಯಾರನ್ನೂ ಕೇಳಲಿಲ್ಲ. ಬೊಂಬೆಯಲ್ಲಿ ಸೀಳು ಬಂದರೆ ನಮ್ಮವರು ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಅರಗು ಕಾಯಿಸಿ, ಬಿರುಕಿಗೆ ತುಂಬಿ, ಉಜ್ಜಿ ನುಣುಪು ಮಾಡಿದಳು. ಹಲಗೆ ಮತ್ತೆ ಮೊದಲಿನಂತಾಯಿತು. ಆದರೆ ಬೊಂಬೆಯ ಮೇಲೆ ಯಾರೂ ಬಿಸಿ ಪಾತ್ರೆ ಇಡುವುದಿಲ್ಲ. ಮನೆ ತುಂಬ ಅರಗಿನ ವಾಸನೆ ಇತ್ತು, ತಾತ ಮೂಗು ಏರಿಸಿ ಹಲಗೆಯ ಕಡೆ ನೋಡಿದ.

ಮಾರನೆಯ ದಿನ ಸಾಹುಕಾರರು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿ, "ಭೇಷ್, ಯಾರಮ್ಮ ಮಾಡಿದ್ದು?" ಅಂದರು. ಅತ್ತೆಯ ಮುಖ ನಾನು ಹಾಗೆ ಅರಳಿದ್ದನ್ನು ನೋಡಿದ್ದು ಅದೊಂದೇ ಸಲ. ತಾತ ಊಟಕ್ಕೆ ಎಬ್ಬಿಸಿದ. ಎಲೆ ಹಾಕಿದ್ದಾಯಿತು. ಹಲಗೆಯನ್ನು ಎಲೆಯ ಪಕ್ಕದಲ್ಲಿಟ್ಟು ತಾತ ಕೂಗಿದ, "ನಿಂಗಿ, ಒಲೆ ಮ್ಯಾಲಿನ ಸಾರ್ನ ಪಾತ್ರೆ ಅಂಗೇ ಇಳಿಸ್ಕಂಬಂದು ಇದರ ಮ್ಯಾಲೆ ಇಕ್ಕು." ಅತ್ತೆ ಕುದಿಯುವ ಪಾತ್ರೆ ಹಿಡಿದು ನಿಂತೇ ಇದ್ದಳು. "ಯಾಕವ್ವ? ಅಡ್ಗೆಮನೆ ಸಾಮಾನು ತಾನೆ ಅದು? ಇಕ್ಕು." ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಎಲೆಯ ಮೇಲಿನ ಉಪ್ಪನ್ನು ಬೆರಳಲ್ಲಿ ಸರಿಪಡಿಸುತ್ತಿದ್ದ. ಇಟ್ಟಳು. ತಾತ ಮಳೆ ಬೆಳೆ ಮಾತಾಡುತ್ತ ಸಾಕಷ್ಟು ಹೊತ್ತು ಕಳೆದು, "ಈಗ ಬಡ್ಸು" ಅಂದ. ಪಾತ್ರೆ ಎತ್ತಿದಾಗ ತಳಕ್ಕೆ ಹಲಗೆಯೂ ಅಂಟಿಕೊಂಡು ಎದ್ದಿತು. ಕರಗಿದ ಅರಗು ಎಳೆಎಳೆಯಾಗಿ ಜೋತಿತು. ಚೌಕಗಳು ಒಂದೊಂದೇ ಕಳಚಿ ನೆಲಕ್ಕೆ ಬಿದ್ದವು. "ನೋಡುದ್ರಾ ಸಾವ್ಕಾರ್ರೆ, ನನ್ ಮಗ್ಳ ಕಸುಬ!" ತಾತ ಕೆಮ್ಮು ಬರುವವರೆಗೆ ನಕ್ಕ. ಅಪ್ಪನೂ ನಕ್ಕ. ಅತ್ತೆ ಪಾತ್ರೆಯನ್ನು ಒಳಗಿಟ್ಟು ಬಂದು, ಚೌಕಗಳನ್ನು ಸೆರಗಿಗೆ ಆಯ್ದುಕೊಂಡು ಒಲೆಗೆ ಹಾಕಿದಳು. ಮಾರನೆಯ ಬೆಳಿಗ್ಗೆ ಅಪ್ಪನೇ ಅವಳನ್ನು ಬಸ್ಸು ಹತ್ತಿಸಿದ.

ಮಾಗಡಿಯಲ್ಲಿ ಅವಳು ಹೇಗೆ ಬದುಕಿದಳೋ, ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ತಾತ ಹೋದ. ಎಷ್ಟೋ ವರ್ಷದ ಮೇಲೆ, ರಸ್ತೆಯವರು ಇನ್ನೂ ಮನೆಗೆ ಗುರುತು ಹಾಕುವ ಮೊದಲು, ಅಪ್ಪ ಹಾಸಿಗೆ ಹಿಡಿದು ನಿಂಗಿಯನ್ನು ಕರೆಸಿ ಎಂದು ಹಟ ಮಾಡಿದ. ನಾನೇ ಹೋಗಿ ಕರೆತಂದೆ. ಗಂಡ ಸತ್ತಿದ್ದ, ಅವಳ ತಲೆ ಪೂರ್ತಿ ನರೆತಿತ್ತು. ಅಣ್ಣನ ಕಾಲ ಬಳಿ ಕೂತು ಪಾದ ಒತ್ತತೊಡಗಿದಳು.

"ನಿಂಗಿ, ಅವತ್ತು ನಾ ಕೊಟ್ಟ ಆಲೆ ಮರ..." ಅಂದ ಅಪ್ಪ.

"ಗೊತ್ತು ಕನಣ್ಣ. ಬಿರುಕು ಬುಟ್ಟಾಗ್ಲೇ ಅಸಿ ಮರ ಅಂತ ಗೊತ್ತಾಯ್ತು. ಅಣ್ಣ ನೋಡ್ದೆ ಕೊಟ್ಬುಟ್ಟವ್ನೆ ಅಂದ್ಕಂಡಿವ್ನಿ. ಅಂಗೇ ಇರ್ಲಿ ಬುಡು."

"ನೋಡ್ದೆ ಅಲ್ಲ..."

"ಬ್ಯಾಡ ಅಣ್ಣ. ಯೋಳ್ಬ್ಯಾಡ." ಅವಳು ಎದ್ದು ಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪ ಆ ಕೈ ಸರಿಸಿದ.

"ನೋಡೇ ಕೊಟ್ಟೆ. ಒಲೆ ಮುಂದೆ ಕಾಯ್ಸಿ ಕೊಟ್ಟೆ. ನೀನಿಲ್ಲಿ ಇರಬಾರ್ದು ಅಂತ." ಹೇಳಿ ಮುಗಿಸಿ ಉಸಿರು ಬಿಟ್ಟು, "ಈಗ ಒಸಿ ಅಗುರಾಯ್ತು" ಅಂದ. ಬಹಳ ದಿನದ ಮೇಲೆ ಅವನಿಗೆ ಒಳ್ಳೆಯ ನಿದ್ದೆ ಬಂತು.

ಅತ್ತೆ ಜಗಲಿಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಹೊಡೆತದ ನಡುವೆಯೂ ಅವಳು ಮನಸ್ಸಿನಲ್ಲಿ ಜೋಪಾನ ಮಾಡಿಕೊಂಡು ಬಂದಿದ್ದ ಒಬ್ಬ ಒಳ್ಳೆಯ ಅಣ್ಣನನ್ನು ಒಳಗೆ ಮಲಗಿದ್ದವನು ಕಿತ್ತುಕೊಂಡಿದ್ದ. ನನಗೆ ಅಳು ಬಂತು. ಸೆರಗು ಹಿಡಿದು, "ಅತ್ತೆ, ಅಡುಗೆ ಆಗಿದೆ, ಊಟ ಮಾಡ್ಕೊಂಡು ಹೋಗು" ಅಂದೆ.

"ಯಾರ ಮನೇಲಿ ಕೂಸೆ?" ಅಂದಳು.

ನನ್ನ ಕೈಯಿಂದ ಸೆರಗು ಬಿಡಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.