ಫಕೀರವ್ವನ ಹೊಸ ಹುದ್ದೆ

ಸೈನ್ಯದ ಲಾರಿಗಳಿಗೆ ತಾಡಪಾಲು ಹೊಲಿಯುವ ರಾಣೆಬೆನ್ನೂರಿನ ಕಾರ್ಖಾನೆಯೊಂದಕ್ಕೆ ತಪಾಸಣೆಗೆ ಹೋಗಿದ್ದೆ. ಒಂದು ರಾಶಿಯ ಹೊಲಿಗೆ ಉಳಿದವಕ್ಕಿಂತ ಎಷ್ಟೋ ಗಟ್ಟಿಯಾಗಿತ್ತು. "ಇದನ್ನು ಹೊಲಿದವರು ಯಾರು?" ಎಂದೆ. ಮಾಲೀಕ ತಡವರಿಸಿದ. ಗುತ್ತಿಗೆಯ ಕರಾರಿನಂತೆ ಐವತ್ತೈದು ದಾಟಿದವರು ಹೊಲಿಯುವಂತಿರಲಿಲ್ಲ. ಅದಕ್ಕೇ ಫಕೀರವ್ವ ಎಂಬ ಹಿರಿಯ ಹೆಂಗಸನ್ನು ಆತ ಗೋದಾಮಿನಲ್ಲಿ ಅಡಗಿಸಿಟ್ಟಿದ್ದ.

ಕರೆಸಿದಾಗ ಹೊರಗೆ ಬಂದ ಆಕೆಯ ವಯಸ್ಸು ಕೇಳಿದೆ.

"ಹೊಲಿಗಿ ನೋಡಾಕ ಬಂದೀರಿ, ಮಾರಿ ಯಾಕ ನೋಡ್ತೀರಿ? ಮನಿಗೆ ಕಳಸೂದಿದ್ರ ಈಗ ಹೇಳ್ರಿ," ಎಂದಳು.

ಕರಾರನ್ನು ಮತ್ತೆ ಓದಿದೆ. ಹೊಲಿಗೆ ಕಲಿಸುವವರಿಗೆ ವಯಸ್ಸಿನ ಮಿತಿಯೇ ಇರಲಿಲ್ಲ! ಮಾಲೀಕನನ್ನು ಒಪ್ಪಿಸಿ, ತಪಾಸಣೆಯ ವರದಿಯಲ್ಲಿ ಆಕೆಯ ಹೆಸರಿನ ಮುಂದೆ 'ತರಬೇತುದಾರರು' ಎಂದು ಬರೆದೆ.

ಫಕೀರವ್ವ ಕಣ್ಣೊರೆಸಿಕೊಂಡು, "ಮಾಸ್ತರಂದ್ರ ಕುರ್ಚಿ ಇರತೈತಲ್ರಿ?" ಎಂದಳು.

ಅಲ್ಲಿದ್ದದ್ದು ಒಂದೇ ಕುರ್ಚಿ. ಉಳಿದ ತಪಾಸಣೆಯನ್ನು ನಾನು ನಿಂತುಕೊಂಡೇ ಮುಗಿಸಿದೆ.