ಪರದೆ ಅಕ್ಕನ ಮನೆಯಲ್ಲಿ ಸಾಕುಪ್ರಾಣಿಗಳಿಲ್ಲ

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಪರದೆ ಅಕ್ಕ ಎಂದೇ ಕರೆಯುವುದು. ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿಯುವುದು ಅವಳ ಕಸುಬು. ತಾನೇ ಮನೆಗೆ ಬಂದು ಅಳತೆ ತೆಗೆದುಕೊಳ್ಳುತ್ತಾಳೆ, ಹೊಲಿದ ಮೇಲೆ ತಾನೇ ಸ್ಟೂಲು ಹತ್ತಿ ನೇತುಹಾಕುತ್ತಾಳೆ, ಇಳಿದು ದೂರ ನಿಂತು ನೋಡಿ, ಮತ್ತೆ ಹತ್ತಿ ನೆರಿಗೆ ಸರಿಮಾಡುತ್ತಾಳೆ. ಬೀದಿಯ ಅರ್ಧಕ್ಕರ್ಧ ಮನೆಗಳ ಒಳಗುಟ್ಟು ಹೊರಗೆ ಕಾಣದೆ ಉಳಿದಿರುವುದು ಅವಳ ಹೊಲಿಗೆಯ ದೆಸೆಯಿಂದ.

ಅವಳ ಗಂಡನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಹಾಗಾಗಿ ಅವನು ಕನ್ನಡಕದಣ್ಣ. ಬಹಳ ಮೆದು ಮಾತಿನ ಮನುಷ್ಯ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುವಾಗ "ಒತ್ತುತ್ತಾ? ಒತ್ತಿದ್ರೆ ಹೇಳಿ" ಎಂದು ಮಗುವನ್ನು ಮಾತಾಡಿಸಿದ ಹಾಗೆ ಕೇಳುತ್ತಾನೆ. ಊರವರಿಗೆಲ್ಲ ಕಣ್ಣು ಕೊಡುವ ಈ ಮಹಾಶಯನಿಗೆ ಸ್ವಂತ ಮನೆಯ ಹೊಸಿಲು ದಾಟಿದ ಕೂಡಲೇ ಏನೂ ಕಾಣುವುದಿಲ್ಲ. ಟವೆಲ್ ಕಾಣುವುದಿಲ್ಲ, ಬೀಗದ ಕೈ ಕಾಣುವುದಿಲ್ಲ, ಹಣೆಯ ಮೇಲೆ ಏರಿಸಿಕೊಂಡ ತನ್ನದೇ ಕನ್ನಡಕ ಕಾಣುವುದಿಲ್ಲ. "ಎಲ್ಲಿಟ್ಟಿದ್ದೀಯೇ?" ಎಂದು ನಿಂತಲ್ಲಿಂದಲೇ ಕೂಗುತ್ತಾನೆ. ಅಕ್ಕ ಹೊಲಿಗೆ ಮಿಷನ್ ನಿಲ್ಲಿಸಿ ಎದ್ದು ಬರುತ್ತಾಳೆ. ಅವನ ಮೂಗಿನ ನೇರಕ್ಕೇ ತೂಗುತ್ತಿರುವ ಟವೆಲ್ಲನ್ನು ತೆಗೆದು ಕೈಗಿಟ್ಟು ಹೋಗುತ್ತಾಳೆ. ಮಾತಿಲ್ಲ. ಇದ್ದರೂ ಆಡುವುದು ಹೇಗೆ? ಹಗಲಿಡೀ ಅವಳ ತುಟಿಗಳ ನಡುವೆ ಗುಂಡುಸೂಜಿಗಳ ಸಾಲು. ಅವನ್ನೆಲ್ಲ ತೆಗೆದು, ಉತ್ತರ ಹೇಳಿ, ಮತ್ತೆ ಕಚ್ಚಿಕೊಳ್ಳುವುದಕ್ಕಿಂತ ಎದ್ದು ಹೋಗಿ ಬರುವುದೇ ಸಲೀಸು ಎಂದು ಯಾವ ಕಾಲದಲ್ಲೋ ತೀರ್ಮಾನಿಸಿಬಿಟ್ಟಿದ್ದಳು.

ಮಗಳು ಕೆಲಸಕ್ಕೆಂದು ಬೇರೆ ಊರು ಸೇರಿದ ಮೇಲೆ ಮುಂದಿನ ಕೋಣೆ ಖಾಲಿಯಾಯಿತು. ಬೀದಿ ಕಡೆಗೆ ಅದಕ್ಕೆ ಬೇರೆಯೇ ಬಾಗಿಲು. ಕೆಲಸದ ಮೇಲೆ ಊರಿಗೆ ಬರುವವರಿಗೆ ವಾರಗಟ್ಟಲೆ ಬಾಡಿಗೆಗೆ ಕೊಡೋಣ ಎಂದ ಕನ್ನಡಕದಣ್ಣ. ಮಗಳು ಫೋನಿನಲ್ಲೇ ಆ್ಯಪ್ ಹಾಕಿಕೊಟ್ಟಳು. ಮನೆಯ ವಿವರ ಬರೆಯುವ ಕೆಲಸವನ್ನು ಅವನು ತಾನೇ ವಹಿಸಿಕೊಂಡ. 'ಪ್ರಶಾಂತ ಮನೆ, ಶುಭ್ರ ಕೋಣೆ' ಎಂದು ಬರೆದ. 'ಸಾಕುಪ್ರಾಣಿಗಳು' ಎಂದು ಕೇಳಿದ್ದ ಕಡೆ 'ಇಲ್ಲ' ಎಂದು ಒತ್ತಿದ.

ಅವನ ಕಾಲ ಬಳಿ ಬೆಕ್ಕು ಮೈ ನೆಕ್ಕಿಕೊಳ್ಳುತ್ತ ಕೂತಿತ್ತು. ಹೊಲಿಗೆ ಕೋಣೆಯ ಪಂಜರದಲ್ಲಿ ಬೂದು ಬಣ್ಣದ ಗಿಣಿ ಇತ್ತು. ಊರು ಬಿಟ್ಟುಹೋದ ನೆರೆಮನೆಯವರು "ಸ್ವಲ್ಪ ದಿನ ನೋಡ್ಕೊಳ್ಳಿ" ಎಂದು ಕೊಟ್ಟುಹೋದ ಗಿಣಿ ಅದು. ಆ ಸ್ವಲ್ಪ ದಿನ ಇನ್ನೂ ಮುಗಿದಿರಲಿಲ್ಲ.

"ಇಲ್ಲ ಅಂತ ಯಾಕೆ ಬರೆದ್ರಿ?" ಎಂದಳು ಅಕ್ಕ.

"ಇದೆ ಅಂದ್ರೆ ಯಾರೂ ಬರಲ್ಲ ಕಣೆ. ಕೂದಲು ಅಂತಾರೆ, ವಾಸನೆ ಅಂತಾರೆ. ಎರಡನ್ನೂ ನಮ್ಮಕ್ಕನ ಮನೆಗೆ ಕಳಿಸಿಬಿಡೋಣ. ಅವಳಿಗೂ ಒಂದು ಜೊತೆ ಆಗುತ್ತೆ."

ಆ ಅತ್ತಿಗೆಯ ಮನೆಯಲ್ಲಿ ಪಂಜರ ತೂಗುವುದು ಬಿಸಿಲು ಬಡಿಯುವ ಜಗಲಿಯಲ್ಲಿ ಎಂಬುದು ಅಕ್ಕನಿಗೆ ಗೊತ್ತು. ಬೆಕ್ಕುಗಳ ಮೇಲೆ ಆಕೆ ಪೊರಕೆ ಎಸೆಯುವುದೂ ಗೊತ್ತು. ಮಗಳು ಹೋದ ಮೇಲೆ ಹಗಲು ತನ್ನ ಜೊತೆ ಆ ಮನೆಯಲ್ಲಿ ಉಸಿರಾಡುವ ಜೀವಗಳು ಈ ಎರಡೇ ಎಂಬುದು ಅವಳಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಅವು ಇಲ್ಲೇ ಇರ್ಲಿ. ಬಂದವರಿಗೆ ಗೊತ್ತಾಗದ ಹಾಗೆ ನಾನು ನೋಡ್ಕೋತೀನಿ."

"ಒಬ್ಬರಿಗೆ ಗೊತ್ತಾದ್ರೂ ಎರಡೂ ನಮ್ಮಕ್ಕನ ಮನೆಗೆ. ಆಮೇಲೆ ಅಳಬಾರದು."

"ಆಯ್ತು."

ನಾನು ನೋಡ್ಕೋತೀನಿ ಎನ್ನುವುದು ಬಾಯಿಂದ ಹೊರಡುವುದಕ್ಕೆ ಎಷ್ಟು ಹೊತ್ತು? ಅದನ್ನು ನಿಭಾಯಿಸುವುದಕ್ಕೆ ಮಾತ್ರ ಬೆಳಗಾಗುವ ಮೊದಲೇ ಏಳಬೇಕು. ಅತಿಥಿ ಬರುವ ಹಿಂದಿನ ದಿನ ಅಕ್ಕ ಹಾಸಿಗೆ, ದಿಂಬು, ಕಾಲೊರಸು ಎಲ್ಲವನ್ನೂ ಕೊಡವಿ, ಒದ್ದೆ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಸೋಫಾದ ಸಂದುಗಳಿಂದ ಬೆಕ್ಕಿನ ಕೂದಲು ತೆಗೆಯುತ್ತಿದ್ದಳು. ಬೆಕ್ಕು ಗಲೀಜು ಮಾಡುವ, ಮಣ್ಣು ತುಂಬಿದ ತಟ್ಟೆಯನ್ನು ಹಿತ್ತಲಿಗೆ ಸಾಗಿಸುತ್ತಿದ್ದಳು. ಗಿಣಿಗೆಂದು ಉಳಿದ ಚೂರುಬಟ್ಟೆಗಳನ್ನೆಲ್ಲ ಜೋಡಿಸಿ ದಪ್ಪನೆಯ ಪರದೆ ಹೊಲಿದು ಪಂಜರದ ಸುತ್ತ ಇಳಿಬಿಟ್ಟಳು. ಅದು ಕಿರುಚಿದಾಗ ಕಾಳು ಕೊಡದೆ, ಸುಮ್ಮನಿದ್ದಾಗ ಕೊಟ್ಟು, ಕಿರುಚುವುದನ್ನೂ ಸಿಳ್ಳೆ ಹಾಕುವುದನ್ನೂ ಬಿಡಿಸಿದಳು. ಇಷ್ಟೆಲ್ಲ ಆದ ಮೇಲೆ ಕನ್ನಡಕದಣ್ಣ ಕೋಣೆಯಲ್ಲಿ ಒಂದು ಸುತ್ತು ಹಾಕಿ, "ನೋಡಿದ್ಯಾ, ಎಷ್ಟು ಸುಲಭ" ಎನ್ನುತ್ತಿದ್ದ.

ಅಕ್ಕ ಒಂದೇ ಒಂದು ತಪ್ಪು ಮಾಡಿದ್ದಳು. ಹಕ್ಕಿಯ ಸದ್ದನ್ನೆಲ್ಲ ಬಚ್ಚಿಟ್ಟಿದ್ದಳು. ಮನುಷ್ಯನ ಸದ್ದನ್ನು ಬಚ್ಚಿಡಬೇಕೆಂದು ಅವಳಿಗೆ ತೋಚಲೇ ಇಲ್ಲ.

ಗಿಣಿ ಮಾತಾಡುತ್ತಿತ್ತು. ಅದೂ ಕನ್ನಡಕದಣ್ಣನ ದನಿಯಲ್ಲೇ, ಮೊದಲು ಗಂಟಲು ಕೆರೆದುಕೊಂಡು. "ಎಲ್ಲಿಟ್ಟಿದ್ದೀಯೇ?" ಎನ್ನುತ್ತಿತ್ತು. "ಟವೆಲ್" ಎನ್ನುತ್ತಿತ್ತು. "ಈ ಮನೇಲಿ ಒಂದು ವಸ್ತುನೂ ಜಾಗದಲ್ಲಿರಲ್ಲ" ಎಂದು ನಿಟ್ಟುಸಿರು ಬಿಡುತ್ತಿತ್ತು. ಅಕ್ಕನ ಕಿವಿಗೆ ಅದು ನಲ್ಲಿ ತೊಟ್ಟಿಕ್ಕಿದ ಹಾಗೆ ಮನೆಯ ಮಾಮೂಲು ಸದ್ದು. ಕೆಲಸದ ಗುಂಗಿನಲ್ಲಿ ಎಷ್ಟೋ ಸಲ ಗಿಣಿಯ ಕೂಗಿಗೇ ಎದ್ದುಬಿಡುತ್ತಿದ್ದಳು. ಅರ್ಧ ಕೋಣೆ ದಾಟಿದ ಮೇಲೆ ಗಂಡ ಅಂಗಡಿಯಲ್ಲಿರುವುದು ನೆನಪಾಗಿ ವಾಪಸ್ಸು ಬಂದು ಕೂರುತ್ತಿದ್ದಳು.

ಮೊದಲು ಬಂದ ಅತಿಥಿಗಳೆಲ್ಲ ಬೆಳಗ್ಗೆ ಹೊರಟರೆ ಸಂಜೆ ಬರುವವರು. ಹಾಗಾಗಿ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಬಂದಳು ಆಡಿಟರ್. ಯಾವುದೋ ಕಾರ್ಖಾನೆಯ ಲೆಕ್ಕಪತ್ರ ನೋಡಲು ಬಂದ ಹೆಂಗಸು. ಹಗಲು ಬಹುಪಾಲು ಕೋಣೆಯಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ಅವಳ ಮೇಜಿಗೂ ಅಕ್ಕನ ಮಿಷನ್ನಿಗೂ ನಡುವೆ ಒಂದೇ ಗೋಡೆ.

ಮೊದಲ ಕೆಲವು ದಿನ ಆಕೆ ನಗುನಗುತ್ತಲೇ ಇದ್ದಳು. ಆಮೇಲೆ ಸಂಜೆ ಕನ್ನಡಕದಣ್ಣ "ಹೇಗಿದೆ ಮೇಡಂ, ಅನುಕೂಲ ಆಗ್ತಿದೆಯಾ?" ಎಂದು ಕೇಳಿದರೆ ಉತ್ತರ ಕೊಡದೆ ಒಳಗೆ ಹೋಗತೊಡಗಿದಳು. ಅಕ್ಕ ಟೀ ಕೊಡಲು ಹೋದಾಗ ಲೋಟವನ್ನು ಬಾಗಿಲಲ್ಲೇ ಇಸಿದುಕೊಂಡು, ತಾನೇ ತೊಳೆದಿಡತೊಡಗಿದಳು.

"ಸ್ವಲ್ಪ ಕೂತ್ಕೊಳ್ಳಿ ಅಕ್ಕಾ," ಎಂದಳು ಒಂದು ಮಧ್ಯಾಹ್ನ.

"ಕೆಲಸ ಇದೆಯಮ್ಮ."

"ಅದನ್ನೇ ಹೇಳ್ತಿರೋದು. ನೀವು ಏಳೋದು, ಓಡೋದು, ಮತ್ತೆ ಕೂರೋದು... ಗೋಡೆ ಈಚೆ ಕೇಳಿಸ್ಕೊಂಡೇ ನನ್ನ ಮಂಡಿ ನೋಯ್ತಿದೆ."

"ನಂಗೆ ಅಭ್ಯಾಸ ಆಗಿದೆ."

"ಅವರಿಗೂ ಆಗಿದೆ ಬಿಡಿ," ಎಂದಳು ಆಡಿಟರ್, ಗೋಡೆಯ ಕಡೆಗೆ ಕೆಕ್ಕರಿಸಿ ನೋಡುತ್ತ.

ಈ ಮಾತು ಬೆಳಗ್ಗೆ ಸಂಜೆಯ ಕೂಗಾಟದ ಬಗ್ಗೆ ಇರಬೇಕೆಂದುಕೊಂಡು ಅಕ್ಕ ನಕ್ಕು ಬಂದಳು. ಕೆಲಸ ಮುಗಿಸಿ ಹೊರಡುವಾಗ ಆಡಿಟರ್ ಅವಳ ಎರಡೂ ಕೈ ಹಿಡಿದು, "ಧೈರ್ಯವಾಗಿರಿ" ಎಂದು ಹೇಳಿ ಹೋದಳು. ಯಾವುದಕ್ಕೆ ಧೈರ್ಯ ಎಂದು ಅಕ್ಕನಿಗೆ ಹೊಳೆಯಲಿಲ್ಲ.

ಅದು ಬಯಲಾದದ್ದು ಕನ್ನಡಕದ ಅಂಗಡಿಯಲ್ಲಿ. ಓದುವ ಕನ್ನಡಕ ಮಾಡಿಸಿಕೊಂಡವರಿಗೆಲ್ಲ ಕನ್ನಡಕದಣ್ಣ ಒಂದು ಪರೀಕ್ಷೆ ಇಡುತ್ತಾನೆ. "ನಿಮ್ಮ ಫೋನ್ ತೆಗೀರಿ, ಯಾವುದಾದ್ರೂ ಸಣ್ಣಕ್ಷರ ಜೋರಾಗಿ ಓದಿ" ಎನ್ನುತ್ತಾನೆ. ಅಂದು ಬಂದಿದ್ದವರು ನಮ್ಮ ಬೀದಿಯ ನಿವೃತ್ತ ಟೀಚರಮ್ಮ. ತಂಗಿಯ ಮಗಳು ಬರುವವಳಿದ್ದಳೆಂದು ಅವರು ಪರದೆ ಅಕ್ಕನ ಕೋಣೆಯನ್ನೇ ಆ್ಯಪಿನಲ್ಲಿ ನೋಡುತ್ತಿದ್ದರು. ಕೋಣೆಯ ಬಗ್ಗೆ ಆಡಿಟರ್ ಬರೆದುಹೋಗಿದ್ದನ್ನು, ತರಗತಿಯಲ್ಲಿ ಪಾಠ ಓದುತ್ತಿದ್ದ ಅದೇ ಕಂಠದಲ್ಲಿ ಓದಲು ಶುರುಮಾಡಿದರು.

"'ಕೋಣೆ ಅಚ್ಚುಕಟ್ಟು. ಪರದೆಗಳನ್ನಂತೂ ನೋಡುತ್ತಲೇ ಕೂರಬಹುದು. ಬೆಕ್ಕು ಬಹಳ ಸಂಭಾವಿತ, ದಿನವೂ ಕಿಟಕಿಯಿಂದ ಬಂದು ನನ್ನ ಹಾಸಿಗೆಯಲ್ಲೇ ಮಲಗುತ್ತಿತ್ತು. ಮನೆಯೊಡತಿ ಅಪ್ಪಟ ಬಂಗಾರ. ಆದರೆ ಯಜಮಾನರು ಬೆಳಗಿನಿಂದ ಸಂಜೆಯವರೆಗೆ ಟವೆಲ್ ಎಲ್ಲಿ, ಅದೆಲ್ಲಿ, ಇದೆಲ್ಲಿ ಎಂದು ಕೂಗುತ್ತಲೇ ಇರುತ್ತಾರೆ. ಒಮ್ಮೆಯೂ ತಾವೇ ಎದ್ದು ಹುಡುಕಿದ್ದಿಲ್ಲ. ಒಬ್ಬ ಮನುಷ್ಯನಿಗೆ ಒಂದು ಹಗಲಿನಲ್ಲಿ ಎಷ್ಟು ಟವೆಲ್ ಬೇಕು? ಪೇಟೆಯಲ್ಲಿ ಅಂಗಡಿ ಇದೆಯಂತೆ, ಯಾವಾಗ ಹೋಗುತ್ತಾರೋ ತಿಳಿಯದು. ಪಾಪ, ಆ ಹೆಂಗಸಿನ ದನಿ ಮಾತ್ರ ನನಗೆ ಒಮ್ಮೆಯೂ ಕೇಳಿಸಲಿಲ್ಲ.'"

ಸರದಿಗೆ ಕೂತಿದ್ದ ಗಿರಾಕಿಗಳು ಗೋಡೆಯ ಮೇಲಿನ ಅಕ್ಷರದ ಬೋರ್ಡನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು.

"ಅಕ್ಷರ ಸ್ಪಷ್ಟವಾಗಿ ಕಾಣ್ತಿದೆಯಪ್ಪಾ," ಎಂದರು ಟೀಚರಮ್ಮ ಕನ್ನಡಕ ಸರಿಮಾಡಿಕೊಳ್ಳುತ್ತ. "ಇದೇ ನಂಬರ್ ಇರ್ಲಿ."

ಕನ್ನಡಕದಣ್ಣ ಅಂಗಡಿಯ ಬಾಗಿಲೆಳೆದು ನಡು ಮಧ್ಯಾಹ್ನವೇ ಮನೆಗೆ ಹೊರಟ. ತಾನು ಹಗಲು ಮನೆಯಲ್ಲೇ ಇರುವುದಿಲ್ಲ, ಇದು ಹಸಿ ಸುಳ್ಳು ಎಂದು ದಾರಿಯುದ್ದಕ್ಕೂ ಗೊಣಗುತ್ತ ಬಂದ. ಗೇಟು ತೆಗೆಯಲು ಕೈಚಾಚಿದಾಗ ಒಳಗಿನಿಂದ ಗಂಟಲು ಕೆರೆದ ಸದ್ದು ಕೇಳಿಸಿತು. ಆಮೇಲೆ ತನ್ನದೇ ದನಿ.

"ಎಲ್ಲಿಟ್ಟಿದ್ದೀಯೇ?"

ಕೈ ಗೇಟಿನ ಮೇಲೆ ಹಾಗೇ ನಿಂತಿತು. ಮಿಷನ್ ನಿಂತ ಸದ್ದು, ಸ್ಟೂಲು ಸರಿದ ಸದ್ದು, ಹೆಜ್ಜೆಯ ಸದ್ದು. ಒಳಗೆ ಹೋಗಿ ನೋಡಿದರೆ ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೋಣೆಯ ನಡುವೆ ನಿಂತಿದ್ದಳು. ಯಾರಿಗಾಗಿ ಎದ್ದೆನೆಂದು ಆಗಷ್ಟೇ ಯೋಚಿಸುತ್ತಿರುವಂತಿತ್ತು.

"ನಾನು ಹೀಗೆ ಕೂಗ್ತೀನಾ?" ಎಂದ ಅವನು.

ಅಕ್ಕ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು. "ಅದು ಸ್ವಲ್ಪ ಮೆತ್ತಗೆ ಕೂಗುತ್ತೆ."

ಅವನು ಫೋನ್ ತೋರಿಸಿದ. ಅಕ್ಕ ಓದಿದಳು. ಕೊನೆಯ ಸಾಲನ್ನು ಇನ್ನೊಮ್ಮೆ ಓದಿದಳು. ಪಂಜರದ ಕಡೆ ನೋಡಿದಳು. ಹಗಲಿಡೀ ಆ ಗಿಣಿಯ ಜೊತೆ ಇರುವವಳು ತಾನು. ಕಾಳು ಹಾಕುವುದು, ನೀರು ಬದಲಿಸುವುದು, ಪಂಜರ ಉಜ್ಜುವುದು ತಾನು. ಅದರ ಬಾಯಲ್ಲಿ ತನ್ನ ಮಿಷನ್ನಿನ ಟಕಟಕ ಕೂಡ ಇದೆ. ತನ್ನದೊಂದು ಮಾತಿಲ್ಲ.

"ಏನೇ ಆಗ್ಲಿ, ಬೆಕ್ಕನ್ನ ನೋಡಿಬಿಟ್ಟಿದ್ದಾಳೆ," ಎಂದ ಕನ್ನಡಕದಣ್ಣ, ಹಿಡಿಯಲು ಏನೋ ಒಂದು ಸಿಕ್ಕ ಸಮಾಧಾನದಲ್ಲಿ. "ಮಾತು ಅಂದ್ರೆ ಮಾತು. ಎರಡೂ ನಮ್ಮಕ್ಕನ ಮನೆಗೆ ಹೋಗ್ಲಿ."

ಅಕ್ಕ ಪಂಜರ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು.

"ಆಗ್ಲಿ ರೀ. ಒರೆಸಿ ಕೊಡ್ತೀನಿ, ತಗೊಂಡು ಹೋಗಿ. ನಿಮ್ಮಕ್ಕ ಹೇಗೂ ಜಗಲೀಲೇ ತೂಗುಹಾಕೋದು. 'ನನ್ನ ತಮ್ಮ ಹೆಂಡತಿ ಹತ್ರ ಒಂದು ಲೋಟ ನೀರು ಕೇಳಿದವನಲ್ಲ' ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದಾರಲ್ಲ, ಇನ್ಮೇಲೆ ತಮ್ಮನ ಬಾಯಿಂದಲೇ ಕೇಳ್ಬಹುದು. ದಾರೀಲಿ ಹೋಗೋರೂ ಕೇಳ್ತಾರೆ."

ಗಿಣಿ ಗಂಟಲು ಸರಿಮಾಡಿಕೊಂಡಿತು. "ಈ ಮನೇಲಿ ಒಂದು ವಸ್ತುನೂ ಜಾಗದಲ್ಲಿರಲ್ಲ" ಎಂದು ನಿಟ್ಟುಸಿರು ಬಿಟ್ಟಿತು.

ಕನ್ನಡಕದಣ್ಣ ಸ್ಟೂಲಿನ ಮೇಲೆ ಕುಸಿದು ಕೂತ. ತನ್ನ ಒಡಹುಟ್ಟಿದ ಅಕ್ಕನ ಮನೆಯ ಜಗಲಿ, ಎದುರಿನ ಬಸ್ ನಿಲ್ದಾಣ, ಅಲ್ಲಿ ಬೆಳಗಾದರೆ ಸೇರುವ ಜನ, ಎಲ್ಲ ಅವನ ಕಣ್ಣಿಗೆ ಚೆನ್ನಾಗಿ ಕಾಣಿಸುತ್ತಿತ್ತು. ಮನೆಯೊಳಗೆ ಕೂತು ಅವನಿಗೆ ಅಷ್ಟು ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು.

"ಬೇಡ. ಇಲ್ಲೇ ಇರ್ಲಿ," ಎಂದ.

"ಬೆಕ್ಕು?"

"ಅದೂ ಇರ್ಲಿ. ಆದ್ರೆ ಈ ಬರೆದಿರೋದಕ್ಕೆ ಏನು ಮಾಡೋದು?"

"ಮನೇಲಿ ಏನಿದೆಯೋ ಅದನ್ನ ಬರೆಯೋದು."

"ಬರೆದ್ರೆ ಯಾರು ಬರ್ತಾರೆ?"

"ಬರೆಯದೆ ಬಂದವರು ಏನು ಬರೆದು ಹೋದ್ರು ನೋಡಿದ್ರಲ್ಲ."

ಅಕ್ಕ ಹೊಲಿಯುತ್ತ ಹೇಳಿದಳು, ಅವನು ಫೋನಿನಲ್ಲಿ ಒತ್ತಿದ. ಗಂಡಸಿನ ದನಿ ಕೇಳಿಸಿದರೆ ಅದು ಗಿಣಿಯದು ಎಂದಷ್ಟೇ ಹಾಕಿ ಮುಗಿಸಬೇಕೆಂದು ಅವನಿಗೆ ಆಸೆ.

"ಅಷ್ಟೇ ಹಾಕಿದ್ರೆ ಅದೂ ಸುಳ್ಳಾಗುತ್ತೆ," ಎಂದಳು. "ಗಿಣಿ ಮೇಲೆ ಯಾಕೆ ಎಲ್ಲ ಹೊರಿಸ್ತೀರಿ?"

ಕೊನೆಗೆ ಆ್ಯಪಿನಲ್ಲಿ ನಿಂತ ಮಾತು ಇದು: 'ಮನೆಯಲ್ಲಿ ಒಂದು ಬೆಕ್ಕಿದೆ. ಕಿಟಕಿ ತೆರೆದರೆ ಅದು ನಿಮ್ಮದು. ಒಂದು ಗಿಣಿಯಿದೆ. ಹಗಲು ಕೇಳಿಸುವ ಗಂಡಸಿನ ದನಿ ಅದರದು, ಬೆಳಗ್ಗೆ ಸಂಜೆ ಕೇಳಿಸುವುದು ಯಜಮಾನರದು. ಇಬ್ಬರೂ ಕಚ್ಚುವುದಿಲ್ಲ.'

ಟೀಚರಮ್ಮ ಇದನ್ನು ಬೀದಿಗೆಲ್ಲ ಓದಿ ಹೇಳಿದರು, ಹೊಸ ಕನ್ನಡಕದಲ್ಲಿ. ಅವರ ತಂಗಿಯ ಮಗಳು ಬಂದು ಇದ್ದು ಹೋದಳು. ಬೆಕ್ಕಿರುವ ಮನೆಯನ್ನೇ ಹುಡುಕಿಕೊಂಡು ಕೆಲವರು ಬಂದರು. ಪ್ರಾಣಿ ಆಗದವರು ಬರಲಿಲ್ಲ, ಅದರಿಂದ ಅಕ್ಕನಿಗೆ ಸೋಫಾ ಒರೆಸುವ ಕೆಲಸ ತಪ್ಪಿತು. ಪಂಜರದ ದಪ್ಪ ಪರದೆಯನ್ನು ಬಿಚ್ಚಿ ಅದರಲ್ಲಿ ಒಂದು ಸೂಜಿದಿಂಬು ಹೊಲಿದುಕೊಂಡಳು. ಗುಂಡುಸೂಜಿಗಳೆಲ್ಲ ಬಾಯಿಂದ ಅಲ್ಲಿಗೆ ವಾಸ ಬದಲಿಸಿದವು.

ಬಾಯಿ ಖಾಲಿಯಾದ ಮೇಲೆ ಅದಕ್ಕೂ ಒಂದು ಕೆಲಸ ಬೇಕಲ್ಲ. ಕನ್ನಡಕದಣ್ಣ ಕೂಗಿದಾಗ ಅಕ್ಕ ಕೂತಲ್ಲಿಂದಲೇ, ಮಿಷನ್ ನಿಲ್ಲಿಸದೆ, "ಅಲ್ಲೇ ಇದೆ, ನೋಡಿ" ಎನ್ನತೊಡಗಿದಳು. ಮೊದಮೊದಲು ಅವನು ಕಾದು ನಿಲ್ಲುತ್ತಿದ್ದ. ಅವಳ ಕಾಲು ತಾನಾಗಿ ಏಳಲು ಹೋಗುತ್ತಿತ್ತು, ಪೆಡಲಿನ ಮೇಲೆ ಒತ್ತಿ ಹಿಡಿಯುತ್ತಿದ್ದಳು.

ಮೊನ್ನೆ ರಜಾದಿನ. ಅಕ್ಕ ಟೀಚರಮ್ಮನ ಮನೆಯಲ್ಲಿ ಸ್ಟೂಲು ಹತ್ತಿ ಪರದೆ ನೇತುಹಾಕುತ್ತಿದ್ದಳು. ಇತ್ತ ಕನ್ನಡಕದಣ್ಣ ಬಚ್ಚಲಿನಿಂದ ಒದ್ದೆ ತಲೆ ಹೊರಗೆ ಹಾಕಿ ಕೂಗಿದ.

"ಟವೆಲ್ ಎಲ್ಲಿಟ್ಟಿದ್ದೀಯೇ?"

"ಅಲ್ಲೇ ಇದೆ, ನೋಡಿ," ಎಂದಿತು ಹೊಲಿಗೆ ಕೋಣೆಯಿಂದ ಅಕ್ಕನ ದನಿ.

ಅವನು ನೋಡಿದ. ಅಲ್ಲೇ ಇತ್ತು.